ಬೀದಿ ಕೊನೆಯ ಹುಲ್ಲಿನ ಜಾಗದಲ್ಲಿ ಗೆಡ್ಡೆ ಹೂ ನೆಡಬೇಕು. ಡ್ಯಾಫೊಡಿಲ್ ಒಂದೇ ಸಾಕಾ?

ಹೊಳೆದಂಡೆ | ಇಂಗ್ಲೆಂಡ್ | ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ಇಲ್ಲಿ ತೋಟ ಮಾಡುವವರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಾವಿರುವುದು ದಕ್ಷಿಣ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಮೂರು ಮೂಲೆಯ ಹುಲ್ಲಿನ ಜಾಗ ಇದೆ. ಒಂದು ಬೆಂಚು, ಒಂದು ಚೆರ್ರಿ ಮರ, ಮಿಕ್ಕಿದ್ದೆಲ್ಲ ಹುಲ್ಲು. ಅಲ್ಲಿ ಗೆಡ್ಡೆ ನೆಡಲು ಕೌನ್ಸಿಲ್ ಒಪ್ಪಿದೆ. ಬೀದಿಯವರೆಲ್ಲ ಸೇರಿ 150 ಪೌಂಡ್ ಕೂಡಿಸಿದ್ದೇವೆ. ಅಕ್ಟೋಬರ್‌ನಲ್ಲಿ ಒಂದು ಶನಿವಾರ ನೆಡುವುದು ಎಂದು ಮಾತಾಗಿದೆ.

ಸಭೆಗೆ ಬಂದ ಹತ್ತು ಮಂದಿಯಲ್ಲಿ ಎಂಟು ಮಂದಿ ಹಳದಿ ಹೂವಿನ ಡ್ಯಾಫೊಡಿಲ್ ಅಂದರು. ನನಗೆ ಬೇರೆ ಯೋಚನೆ ಇದೆ. ಹೋದ ಫೆಬ್ರವರಿ ಕೊನೆಯಲ್ಲಿ ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ಅದೇ ಬೆಂಚಿನ ಕೆಳಗೆ ಒಂದು ದಪ್ಪ ದುಂಬಿ ತೆವಳುತ್ತಿತ್ತು. ಮೈತುಂಬ ಕೂದಲು, ಹಳದಿ ಪಟ್ಟೆ. ಹಾರುವುದಕ್ಕೆ ಆಗುತ್ತಿರಲಿಲ್ಲ. ಸುತ್ತ ನೋಡಿದರೆ ಒಂದೇ ಒಂದು ಹೂ ಇಲ್ಲ. ಮಧ್ಯಾಹ್ನ ಬರುವಾಗ ಅಲ್ಲೇ ಸತ್ತು ಬಿದ್ದಿತ್ತು. "ಅದಕ್ಕೆ ಊಟ ಸಿಗಲಿಲ್ವಾ ಅಮ್ಮ?" ಅಂದಳು ಮಗಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದುಂಬಿಗಳಿಗೆ ನಿಜವಾಗಿ ಉಪಯೋಗ ಆಗುವ ಗೆಡ್ಡೆ ಯಾವುದು? ಡ್ಯಾಫೊಡಿಲ್ ಆಗುತ್ತದಾ? ಮುಂದಿನ ಭಾನುವಾರ ಇನ್ನೊಂದು ಸಭೆ ಇದೆ. ಅಷ್ಟರೊಳಗೆ ನಾನು ಸರಿಯಾಗಿ ತಿಳಿದುಕೊಂಡು ಹೋಗಬೇಕು.

ಅಂಗಳದಗಿಡ | ಸೆಪ್ಟೆಂಬರ್ 14

ಡ್ಯಾಫೊಡಿಲ್ ಹಾಕಿ. ಗಟ್ಟಿ ಗಿಡ, ಅಳಿಲು ಮುಟ್ಟುವುದಿಲ್ಲ, ವರ್ಷ ವರ್ಷ ತಾನೇ ಬರುತ್ತದೆ. ಹೂ ಇದ್ದರೆ ಜೇನು ಬಂದೇ ಬರುತ್ತದೆ.

ಹತ್ತುಗುಂಟೆ | ಲೀಡ್ಸ್ | ಸೆಪ್ಟೆಂಬರ್ 14

ಹೂ ಇದ್ದರೆ ಜೇನು ಬಂದೇ ಬರುತ್ತದೆ ಅನ್ನುವುದು ಸರಿಯಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಹೊಳೆದಂಡೆ ಅವರಿಗೆ ಸಭೆಯಲ್ಲಿ ಬೇಕಾಗುತ್ತದೆ.

ನೀವು ನೋಡಿದ್ದು ಬಂಬಲ್‌ಬೀ ಅನ್ನುವ ದಪ್ಪ ಜೇನಿನ ರಾಣಿ. ಇಲ್ಲಿ ಚಳಿಗಾಲದಲ್ಲಿ ಬಂಬಲ್‌ಬೀ ಗೂಡು ಪೂರ್ತಿ ಸಾಯುತ್ತದೆ. ಹೊಸ ರಾಣಿಯರು ಮಾತ್ರ ಮಣ್ಣೊಳಗೆ ಒಬ್ಬೊಬ್ಬರೇ ಮಲಗಿ ಬದುಕುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಿಸಿಲು ಬಿದ್ದಾಗ ಎದ್ದು ಬರುತ್ತಾರೆ. ಆಗ ಹೊಟ್ಟೆ ಖಾಲಿ. ಹಾರಬೇಕಾದರೆ ರೆಕ್ಕೆಯ ಸ್ನಾಯು ಸುಮಾರು 30 ಡಿಗ್ರಿಗೆ ಬಿಸಿಯಾಗಬೇಕು. ಅದಕ್ಕೆ ಮೈ ನಡುಗಿಸಿ ನಡುಗಿಸಿ ಬಿಸಿ ಮಾಡಿಕೊಳ್ಳುತ್ತಾಳೆ. ಆ ಶಕ್ತಿ ಬರುವುದು ಮಕರಂದದಿಂದ. ಮೊಟ್ಟೆ ಬೆಳೆಯಲು ಪರಾಗ ಬೇಕು. ಆ ಎರಡು ಮೂರು ವಾರದಲ್ಲಿ ಒಬ್ಬ ರಾಣಿ ಸತ್ತರೆ ಬೇಸಿಗೆಯಲ್ಲಿ ಬರಬೇಕಿದ್ದ ಒಂದು ಇಡೀ ಗೂಡೇ ಹೋದಂತೆ.

ಆದ್ದರಿಂದ ಮೊದಲು ನೋಡಬೇಕಾದ್ದು ಹೂವಿನ ಅಂದವನ್ನಲ್ಲ, ಅದು ಯಾವ ತಿಂಗಳಲ್ಲಿ ಅರಳುತ್ತದೆ ಅನ್ನುವುದನ್ನು. ಜನವರಿ ಕೊನೆಗೆ ಬಿಳಿ ಸ್ನೋಡ್ರಾಪ್, ಹಳದಿ ವಿಂಟರ್ ಅಕೊನೈಟ್. ಫೆಬ್ರವರಿ, ಮಾರ್ಚ್‌ಗೆ ನೆಲಮಟ್ಟದಲ್ಲೇ ಬಟ್ಟಲಿನ ಹಾಗೆ ಅರಳುವ ಕ್ರೋಕಸ್. ಮಾರ್ಚ್, ಏಪ್ರಿಲ್‌ಗೆ ಮಸ್ಕಾರಿ, ಅಂದರೆ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುವ ನೀಲಿ ಹೂ. ಆಮೇಲೆ ಮೇ ತಿಂಗಳಿಗೆ ಅಲಿಯಂ. ಅದು ನಮ್ಮ ಈರುಳ್ಳಿ, ಬೆಳ್ಳುಳ್ಳಿಯ ಜಾತಿಯೇ. ಒಂದು ಮುಗಿಯುವಾಗ ಇನ್ನೊಂದು ಶುರುವಾಗಬೇಕು.

ಅಂಗಡಿಯಲ್ಲಿ ಸಿಗುವ ದೊಡ್ಡ ಹಳದಿ ಡ್ಯಾಫೊಡಿಲ್‌ಗೆ ಬಂಬಲ್‌ಬೀ ಬರುವುದು ತೀರ ಕಡಿಮೆ. ಅದರಲ್ಲೂ ಸುತ್ತು ಸುತ್ತಾಗಿ ಎಸಳು ತುಂಬಿದ ಡಬಲ್ ಹೂ ಇವಕ್ಕೆ ಪ್ರಯೋಜನವೇ ಇಲ್ಲ. ಪರಾಗ ಇರಬೇಕಾದ ಜಾಗದಲ್ಲೂ ಎಸಳೇ ಇರುತ್ತದೆ. ನನ್ನ ತೋಟದಲ್ಲಿ ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ಕ್ರೋಕಸ್ ಮೇಲೆ ಬಿಸಿಲಿದ್ದ ದಿನವೆಲ್ಲ ಹುಳು. ಎರಡಡಿ ಆಚೆ ಡ್ಯಾಫೊಡಿಲ್ ಸಾಲು ಖಾಲಿ.

ಅಂಗಳದಗಿಡ | ಸೆಪ್ಟೆಂಬರ್ 14

ನಾನು ಡ್ಯಾಫೊಡಿಲ್ ಒಳಗೆ ಜೇನು ಕೂತದ್ದನ್ನು ಕಣ್ಣಾರೆ ನೋಡಿದ್ದೇನೆ.

ಹತ್ತುಗುಂಟೆ | ಸೆಪ್ಟೆಂಬರ್ 14

ನೋಡಿರುತ್ತೀರಿ, ಇಲ್ಲ ಅನ್ನುವುದಿಲ್ಲ. ಮಳೆಗೆ, ಗಾಳಿಗೆ ಒಳಗೆ ಕೂರುವುದೂ ಉಂಟು. ಈ ದೇಶದ್ದೇ ಆದ ಚಿಕ್ಕ ಕಾಡು ಡ್ಯಾಫೊಡಿಲ್ ಒಂದಿದೆ, ಹೊರಗಿನ ಎಸಳು ತಿಳಿ ಹಳದಿ. ಬೇಕೇ ಬೇಕು ಅನ್ನುವವರಿಗೆ ಅದನ್ನು ಸ್ವಲ್ಪ ಹಾಕಿ ಎಂದು ಹೇಳಬಹುದು. 150 ಪೌಂಡ್ ಪೂರ್ತಿ ಅದಕ್ಕೆ ಸುರಿಯಬೇಡಿ ಅನ್ನುವುದಷ್ಟೇ ನನ್ನ ಮಾತು.

ಮಳೆಗಾಲ | ಮಂಗಳೂರು | ಸೆಪ್ಟೆಂಬರ್ 15

ಒಂದು ಸಣ್ಣ ವಿಷಯ. ಬಂಬಲ್‌ಬೀಗೆ ಕನ್ನಡದಲ್ಲಿ ದುಂಬಿ ಅಂದರೆ ನಮ್ಮ ಕಡೆಯವರಿಗೆ ಗೊಂದಲ ಆಗುತ್ತದೆ ಮಾರಾಯ್ರೆ. ನಮ್ಮಲ್ಲಿ ದುಂಬಿ ಅಂದರೆ ಮರ ಕೊರೆಯುವ ಕಪ್ಪು ದುಂಬಿ. ಮನೆಯ ಜಂತಿಗೆ ದುಂಡಗೆ ತೂತು ಮಾಡುತ್ತದಲ್ಲ, ಅದು. ಬಂಬಲ್‌ಬೀ ಬೇರೆಯೇ. ಭಾರತದಲ್ಲಿ ಅದನ್ನು ನೋಡಬೇಕಾದರೆ ಹಿಮಾಲಯದ ಕಡೆ ಹೋಗಬೇಕು.

ಹೊಳೆದಂಡೆ | ಸೆಪ್ಟೆಂಬರ್ 15

ಹೌದಾ! ನಾನು ಎರಡೂ ಒಂದೇ ಅಂದುಕೊಂಡಿದ್ದೆ. ಇನ್ನು ಮೇಲೆ ಬಂಬಲ್‌ಬೀ ಎಂದೇ ಬರೆಯುತ್ತೇನೆ.

ಹತ್ತುಗುಂಟೆ ಸರ್, ತುಂಬಾ ಥ್ಯಾಂಕ್ಸ್. ಆ ದಿನ ನಾನು ಸಕ್ಕರೆ ನೀರು ಕೊಟ್ಟಿದ್ದರೆ ಉಳಿಯುತ್ತಿತ್ತಾ?

ಹತ್ತುಗುಂಟೆ | ಸೆಪ್ಟೆಂಬರ್ 15

ಉಳಿದರೂ ಉಳಿಯುತ್ತಿತ್ತು. ಎರಡು ಭಾಗ ಬಿಳಿ ಸಕ್ಕರೆ, ಒಂದು ಭಾಗ ನೀರು. ಚಮಚದಲ್ಲಿ ಒಂದೆರಡು ಹನಿ ಅದರ ಮುಖದ ಹತ್ತಿರ ಇಡಿ. ಮೈಮೇಲೆ ಚೆಲ್ಲಬೇಡಿ. ಜೇನುತುಪ್ಪ ಮಾತ್ರ ಕೊಡಬೇಡಿ, ಅದರಿಂದ ರೋಗ ಹರಡಬಹುದು. ಹತ್ತಿರ ಹೂ ಇದ್ದರೆ ಮೆಲ್ಲಗೆ ಎತ್ತಿ ಅದರ ಮೇಲೆ ಬಿಡುವುದೇ ಎಲ್ಲಕ್ಕಿಂತ ಒಳ್ಳೆಯದು. ನೀವು ನೆಡಲು ಹೊರಟಿರುವುದು ಅದನ್ನೇ ಅಲ್ವಾ.

ತುಡುವೆಪೆಟ್ಟಿಗೆ | ಸಿರ್ಸಿ | ಸೆಪ್ಟೆಂಬರ್ 15

ಇದನ್ನು ಓದಿ ನಮ್ಮ ಊರಿನ ಸ್ಥಿತಿಯೇ ಕಣ್ಣ ಮುಂದೆ ಬಂತು. ನಿಮಗೆ ಫೆಬ್ರವರಿಯಲ್ಲಿ ಬರಗಾಲ, ನಮಗೆ ಮಳೆಗಾಲದಲ್ಲಿ. ಜೂನ್‌ನಿಂದ ಹಿಡಿದ ಮಳೆ ಬಿಡುವುದಿಲ್ಲ, ತುಡುವೆ, ಅಂದರೆ ನಾವು ಪೆಟ್ಟಿಗೆಯಲ್ಲಿ ಸಾಕುವ ಜೇನು, ಹೊರಗೆ ಹೋಗುವುದಕ್ಕೆ ಆಗುವುದಿಲ್ಲ, ಹೋದರೂ ಹೂವಿಲ್ಲ. ಪೆಟ್ಟಿಗೆ ಇಟ್ಟವರು ಸಕ್ಕರೆ ಪಾಕ ಕೊಟ್ಟು ಉಳಿಸಿಕೊಳ್ಳುತ್ತೇವೆ. ಕಾಡಿನ ಗೂಡುಗಳಿಗೆ ಯಾರು ಕೊಡುತ್ತಾರೆ? ನಮ್ಮ ಅಪ್ಪ ಬೇಲಿ ಸಾಲಿನಲ್ಲಿ ಏನೇ ನೆಟ್ಟರೂ "ಇದು ಯಾವಾಗ ಹೂ ಬಿಡ್ತದೆ" ಎಂದೇ ಮೊದಲು ಕೇಳುತ್ತಿದ್ದರು. 1991, 92ರ ಹೊತ್ತಿಗೆ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ಕರ್ನಾಟಕದ ತುಡುವೆ ಗೂಡುಗಳು ಸಾಲು ಸಾಲು ಖಾಲಿಯಾದವು. ನಮ್ಮ ಮನೆಯಲ್ಲಿ ಒಂದೂ ಉಳಿಯಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ಅಪ್ಪ ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟುಕೊಂಡಿದ್ದರು.

ಸಾಧ್ಯ ಆದರೆ ಅಲ್ಲಿ ಒಂದೆರಡು ಜೇನುಪೆಟ್ಟಿಗೆಯನ್ನೂ ಇಡಿ.

ಎರಡನೇಮಹಡಿ | ಲಂಡನ್ | ಸೆಪ್ಟೆಂಬರ್ 15

ತುಡುವೆಪೆಟ್ಟಿಗೆ ಅಣ್ಣ, ಸಿರ್ಸಿಗೆ ಸರಿಯಾದದ್ದು ಇಲ್ಲಿಗೆ ಸರಿ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಸುಮಾರು 270 ಜಾತಿಯ ಜೇನುಗಳಿವೆ. ಪೆಟ್ಟಿಗೆಯಲ್ಲಿ ಸಾಕುವುದು ಅದರಲ್ಲಿ ಒಂದೇ ಒಂದು. 24 ಬಂಬಲ್‌ಬೀ. ಮಿಕ್ಕವು ಹೆಚ್ಚಿನವು ಒಂಟಿಯಾಗಿ ಬದುಕುವ ಜೇನುಗಳು, ಅವುಗಳಿಗೆ ರಾಣಿ, ಆಳು ಏನೂ ಇಲ್ಲ. ಒಂದು ಪೆಟ್ಟಿಗೆ ಇಟ್ಟರೆ ಸಾವಿರಾರು ಹುಳು ಅದೇ ನಾಲ್ಕು ಹೂವಿಗೆ ಮುಗಿಬೀಳುತ್ತವೆ. ಲಂಡನ್ನಿನಲ್ಲಿ ಜೇನುಪೆಟ್ಟಿಗೆ ವಿಪರೀತ ಆಗಿದೆ ಎಂದು 2020ರಲ್ಲಿ ಅಲ್ಲಿನ ಕ್ಯೂ ಸಸ್ಯೋದ್ಯಾನದ ವರದಿಯಲ್ಲೇ ಎಚ್ಚರಿಸಿದ್ದರು. ಇಲ್ಲಿ ಕೊರತೆ ಇರುವುದು ಹೂವಿನದು.

ತುಡುವೆಪೆಟ್ಟಿಗೆ | ಸೆಪ್ಟೆಂಬರ್ 15

ಇದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ತುಡುವೆ ಈ ಮಣ್ಣಿನದೇ ಹುಳು, ಕಾಡಿಂದ ಹಿಡಿದು ತರುತ್ತೇವೆ, ಬೇಡ ಅನಿಸಿದಾಗ ಅದೇ ಹಾರಿ ಹೋಗುತ್ತದೆ. ಅದೇ ಲೆಕ್ಕದಲ್ಲಿ ಹೇಳಿದೆ. ಪೆಟ್ಟಿಗೆ ಮಾತು ಬಿಡಿ, ಹೂವನ್ನೇ ನೆಡಿ.

ಕೆಂಪುಮಣ್ಣು | ಬೆಂಗಳೂರು | ಸೆಪ್ಟೆಂಬರ್ 15

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆನ್‌ಲೈನ್‌ನಲ್ಲಿ ಟ್ಯುಲಿಪ್, ಕ್ರೋಕಸ್ ಗೆಡ್ಡೆ ಸಿಗುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ತೋಟಕ್ಕೆ ಹಾಕಬಹುದಾ?

ಹತ್ತುಗುಂಟೆ | ಸೆಪ್ಟೆಂಬರ್ 15

ದುಡ್ಡು ಕಳೆದುಕೊಳ್ಳಬೇಡಿ. ಈ ಗೆಡ್ಡೆಗಳಿಗೆ ಸುಮಾರು ಮೂರು ತಿಂಗಳ ಚಳಿ ಬೇಕು, 9 ಡಿಗ್ರಿಗಿಂತ ಕೆಳಗೆ. ಫ್ರಿಜ್‌ನಲ್ಲಿಟ್ಟು ಒಂದು ವರ್ಷ ಹೂ ಬಿಡಿಸಬಹುದು, ಮರುವರ್ಷ ಬರುವುದಿಲ್ಲ. ದೆಹಲಿಯ ರಸ್ತೆಗಳಲ್ಲಿ ಕಾಣುವ ಟ್ಯುಲಿಪ್‌ಗೂ ಹಾಲೆಂಡಿನಿಂದ ಗೆಡ್ಡೆ ತರಿಸುತ್ತಾರೆ. ಶ್ರೀನಗರದ ಮಾತು ಬೇರೆ.

ಮಳೆಗಾಲ | ಸೆಪ್ಟೆಂಬರ್ 15

ಬೆಂಗಳೂರಿನ ಹವೆಗೆ ಹೊಂದುವ ಗೆಡ್ಡೆಗಳೇ ಇವೆಯಲ್ಲ. ನೆಲಸಂಪಿಗೆ ನೋಡಿದ್ದೀರಾ? ಬೇಸಿಗೆಯಲ್ಲಿ ಎಲೆ ಬರುವ ಮೊದಲೇ ಬರಿ ನೆಲದಿಂದ ಹೂ ಏಳುತ್ತದೆ. ನೋಡಿದರೆ ಇವರ ಕ್ರೋಕಸ್ ನೆನಪಾಗುತ್ತದೆ. ಆಮೇಲೆ ಮೊದಲ ಮಳೆಗೆ ರೈನ್ ಲಿಲ್ಲಿ. ನಮ್ಮ ಅಂಗಳದ ರೈನ್ ಲಿಲ್ಲಿಗೆ ಮಿಸರೆ, ಅಂದರೆ ಕುಟುಕದ ಪುಟ್ಟ ಜೇನು, ಬೆಳಗ್ಗೆ ಬಂದು ಪರಾಗ ಒಯ್ಯುತ್ತದೆ. ಸುಗಂಧರಾಜ ರಾತ್ರಿ ಪತಂಗಕ್ಕೆ. ಅದರಲ್ಲೂ ಸಿಂಗಲ್ ಹಾಕಿ, ಡಬಲ್ ಬೇಡ.

ಕೆಂಪುಮಣ್ಣು | ಸೆಪ್ಟೆಂಬರ್ 16

ನೆಲಸಂಪಿಗೆ ಅಜ್ಜಿ ಮನೆಯಲ್ಲಿತ್ತು! ಗೆಡ್ಡೆ ಕೇಳಿ ತರುತ್ತೇನೆ.

ಚಳಿನಾಡು | ಓಹಾಯೋ | ಸೆಪ್ಟೆಂಬರ್ 16

ಅಮೆರಿಕದಿಂದ ಒಂದು ಮಾತು. ಮೇಲಿನ ಪಟ್ಟಿ ಇಂಗ್ಲೆಂಡಿಗೆ ಸರಿ. ಇಲ್ಲಿರುವ ಕನ್ನಡಿಗರು ಅದನ್ನೇ ನಕಲು ಮಾಡಬೇಡಿ.

ನಾನು ಏಳು ವರ್ಷದ ಹಿಂದೆ ಸಿಲ್ಲ ಹಾಕಿದ್ದೆ, ಸೈಬೀರಿಯನ್ ಸ್ಕ್ವಿಲ್ ಎಂದು ಮಾರುವ ನೀಲಿ ಹೂ. ಅದರ ಪರಾಗವೂ ನೀಲಿ. ಜೇನುಹುಳು ಕಾಲಿಗೆ ನೀಲಿ ಉಂಡೆ ಕಟ್ಟಿಕೊಂಡು ಹೋಗುವುದನ್ನು ನೋಡಿ ಮಕ್ಕಳು ಕುಣಿದಿದ್ದರು. ಈಗ ಅದು ಬೇಲಿ ದಾಟಿ ಹಿಂದಿನ ಕಾಡಿಗೆ ಇಳಿದಿದೆ. ಪ್ರತಿ ವಸಂತದಲ್ಲಿ ಅಗೆದು ತೆಗೆಯುತ್ತಿದ್ದೇನೆ, ಮುಗಿಯುತ್ತಿಲ್ಲ.

ನಮ್ಮ ಕಾಡಿನಲ್ಲೇ ಸ್ಪ್ರಿಂಗ್ ಬ್ಯೂಟಿ ಅನ್ನುವ ಪುಟ್ಟ ಗೆಡ್ಡೆ ಹೂ ಇದೆ. ಬಿಳಿ ಎಸಳಿನ ಮೇಲೆ ಗುಲಾಬಿ ಗೆರೆ. ಅದರ ಪರಾಗವನ್ನೇ ನಂಬಿ ಬದುಕುವ ಒಂದು ಮಣ್ಣಿನ ಜೇನು ಇದೆ, ಮರಿಗಳಿಗೆ ಬೇರೆ ಹೂವಿನದು ಆಗುವುದಿಲ್ಲ. ಟ್ರೌಟ್ ಲಿಲ್ಲಿಗೂ ಹಾಗೆಯೇ ಅದರದೇ ಆದ ಜೇನು. ನಾನು ನೆಟ್ಟ ಸಿಲ್ಲ ಇವುಗಳ ಜಾಗವನ್ನೇ ತುಂಬಿತು. ಇದು ನನಗೆ ತುಂಬಾ ನೋವು ಕೊಟ್ಟಿದೆ. ನಿಮ್ಮ ನೆಲದಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ.

ಅಂಗಳದಗಿಡ | ಸೆಪ್ಟೆಂಬರ್ 16

ಹಾಗಾದರೆ ಕ್ರೋಕಸ್ ಇಂಗ್ಲೆಂಡಿನದಾ? ಅದೂ ಹೊರಗಿನದೇ. ಸ್ನೋಡ್ರಾಪ್ ಕೂಡ ಹೊರಗಿಂದ ಬಂದದ್ದೇ. ಡ್ಯಾಫೊಡಿಲ್‌ಗೆ ಒಂದು ನ್ಯಾಯ, ಕ್ರೋಕಸ್‌ಗೆ ಇನ್ನೊಂದಾ?

ಎರಡನೇಮಹಡಿ | ಸೆಪ್ಟೆಂಬರ್ 16

ಪ್ರಶ್ನೆ ನ್ಯಾಯವಾಗಿಯೇ ಇದೆ. ಹೊರಗಿನದು ಎಂದು ಯಾರೂ ಡ್ಯಾಫೊಡಿಲ್ ಬೇಡ ಅನ್ನಲಿಲ್ಲ, ಅದರಲ್ಲಿ ಊಟ ಕಡಿಮೆ ಎಂದರು. ಬೀದಿ ಬದಿಯ ಕತ್ತರಿಸಿದ ಹುಲ್ಲಿಗೂ ಕಾಡಂಚಿಗೂ ವ್ಯತ್ಯಾಸ ಇದೆ. ನಮ್ಮಲ್ಲಿ ನಿಜವಾಗಿ ಎಚ್ಚರ ಬೇಕಾಗಿರುವುದು ಬ್ಲೂಬೆಲ್, ಅಂದರೆ ಕಾಡಿನಲ್ಲಿ ಅರಳುವ ನೀಲಿ ಗಂಟೆ ಹೂವಿನ ವಿಷಯದಲ್ಲಿ. ಸ್ಪೇನಿನ ಬ್ಲೂಬೆಲ್ ನೆಟ್ಟರೆ ಇಲ್ಲಿನದರ ಜೊತೆ ಬೆರೆತು ಜಾತಿ ಕೆಡುತ್ತದೆ. ಇಲ್ಲಿನದನ್ನು ಕಾಡಿಂದ ಅಗೆದು ತರುವಂತೆಯೂ ಇಲ್ಲ, 1981ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಹತ್ತಿರದಲ್ಲಿ ಕಾಡಿದ್ದರೆ ಬ್ಲೂಬೆಲ್ ಸುದ್ದಿಗೇ ಹೋಗಬೇಡಿ.

ಕಾಲುವೆಪಕ್ಕ | ಆಮ್ಸ್‌ಟೆಲ್‌ವೀನ್ | ಸೆಪ್ಟೆಂಬರ್ 16

ಗೆಡ್ಡೆಗಳ ದೇಶದಿಂದ ನಮಸ್ಕಾರ. ಯಾರೂ ಹೇಳದ ಒಂದು ವಿಷಯ: ಗೆಡ್ಡೆ ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ.

ಇಲ್ಲಿ ಏಪ್ರಿಲ್‌ನಲ್ಲಿ ಲಿಸ್ಸೆ ಕಡೆ ಟ್ಯುಲಿಪ್ ಹೊಲ ನೋಡಲು ಊರಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗುತ್ತೇವೆ. ಕಣ್ಣಿಗೆ ಹಬ್ಬ, ನಿಜ. ಆದರೆ ಆ ಹೊಲಗಳಿಗೆ ಸಿಂಪಡಿಸುವ ಔಷಧಿ ಬಹಳ. ಬ್ರಿಟನ್ನಿನಲ್ಲೂ 2017ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಅಂಗಡಿಯಲ್ಲಿ ಜೇನಿಗೆ ಒಳ್ಳೆಯದೆಂದು ಮಾರುವ ಗಿಡಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಕೀಟನಾಶಕ ಸಿಕ್ಕಿತ್ತು. ಬಯಲಿನಲ್ಲಿ ನಿಯೋನಿಕ್ ಅನ್ನುವ ಗುಂಪಿನ ಮೂರು ಕೀಟನಾಶಕಗಳ ಬಳಕೆಯನ್ನು ಯುರೋಪ್ ಒಕ್ಕೂಟ 2018ರಲ್ಲಿ ನಿಲ್ಲಿಸಿತು, ಆದರೆ ಔಷಧಿ ಅವಷ್ಟೇ ಅಲ್ಲ. ಜೇನಿಗೆಂದೇ ನೆಡುವುದಾದರೆ ಸಾವಯವ ಗೆಡ್ಡೆ ಕೇಳಿ. ಬೆಲೆ ಜಾಸ್ತಿ. ಸಾವಿರದ ಬದಲು ಆರುನೂರು ಬರಲಿ, ಪರವಾಗಿಲ್ಲ.

ಇನ್ನೊಂದು ಖುಷಿಯ ವಿಷಯ. ಉತ್ತರದ ಫ್ರೀಸ್‌ಲಾಂಡ್ ಪ್ರಾಂತದ ಹಳೆಯ ದೊಡ್ಡ ಮನೆಗಳ ತೋಟದಲ್ಲಿ ನೂರಾರು ವರ್ಷದ ಹಿಂದೆ ನೆಟ್ಟ ಸ್ನೋಡ್ರಾಪ್, ಅಕೊನೈಟ್ ತಾವಾಗಿಯೇ ಹರಡಿಕೊಂಡಿವೆ. ಅವಕ್ಕೆ ಸ್ಟಿನ್ಸೆನ್‌ಪ್ಲಾಂಟೆನ್ ಎಂದೇ ಹೆಸರು. ಫೆಬ್ರವರಿಯಲ್ಲಿ ನೋಡಲು ಹೋಗಿದ್ದೆವು. ನೆಟ್ಟವರು ಇಲ್ಲ, ಹಲವು ಕಡೆ ಮನೆಯೂ ಇಲ್ಲ, ಹೂ ಮಾತ್ರ ಬರುತ್ತಲೇ ಇದೆ.

ಬೆಣ್ಣೆನಗರಿ | ಸೆಪ್ಟೆಂಬರ್ 16

ಕ್ರೋಕಸ್ ಅಂದರೆ ಕೇಸರಿ ಗಿಡ ಅಲ್ವಾ? ಹಾಗಾದರೆ ಜೇನಿಗೂ ಆಯಿತು, ನಮ್ಮ ಕೇಸರಿಬಾತ್‌ಗೂ ಆಯಿತು.

ಹತ್ತುಗುಂಟೆ | ಸೆಪ್ಟೆಂಬರ್ 16

ದಯವಿಟ್ಟು ಬೇಡ! ಕೇಸರಿ ಕೊಡುವುದು ಒಂದೇ ಜಾತಿಯ ಕ್ರೋಕಸ್, ಅದು ಅರಳುವುದು ಅಕ್ಟೋಬರ್‌ನಲ್ಲಿ. ಕಾಶ್ಮೀರದ ಪಾಂಪೋರ್‌ನಲ್ಲಿ ಬೆಳೆಯುವುದು ಅದನ್ನೇ. ಇಂಗ್ಲೆಂಡಿನಲ್ಲೂ ಹಿಂದೆ ಬೆಳೆಯುತ್ತಿದ್ದರು, ಎಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್ ಊರಿಗೆ ಹೆಸರು ಬಂದದ್ದೇ ಅದರಿಂದ. ವಸಂತದ ಕ್ರೋಕಸ್ ಅಡುಗೆಗೆ ಅಲ್ಲ. ಇನ್ನೂ ದೊಡ್ಡ ಅಪಾಯ ಕಾಲ್ಚಿಕಂ. ಅದೂ ಶರತ್ಕಾಲದಲ್ಲಿ ಅರಳುತ್ತದೆ, ನೋಡಲು ಹಾಗೇ ಇರುತ್ತದೆ, ಕಡು ವಿಷ. ಕ್ರೋಕಸ್‌ನಲ್ಲಿ ಪರಾಗ ಬಿಡುವ ಎಳೆ ಮೂರು, ಕಾಲ್ಚಿಕಂನಲ್ಲಿ ಆರು. ಗೊತ್ತಿದ್ದರೂ ಬಾಯಿಗೆ ಇಡಬೇಡಿ.

ಸೇವಂತಿಗೆ | ಬರ್ಮಿಂಗ್‌ಹ್ಯಾಮ್ | ಸೆಪ್ಟೆಂಬರ್ 17

ವಿಷದ ಮಾತು ಬಂತು, ನಾನು ಹೇಳಲೇಬೇಕು. ಎರಡು ವರ್ಷದ ಹಿಂದೆ ಅಮ್ಮ ದಾವಣಗೆರೆಯಿಂದ ಬಂದಿದ್ದರು. ನಾನು ಡ್ಯಾಫೊಡಿಲ್ ಗೆಡ್ಡೆಯ ಚೀಲವನ್ನು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದರೆ ಅಮ್ಮ ಎರಡು ಗೆಡ್ಡೆ ಸುಲಿದು ಹೆಚ್ಚುವ ಮಣೆಯ ಮೇಲೆ ಇಟ್ಟಿದ್ದಾರೆ. "ಈ ಈರುಳ್ಳಿಗೆ ಘಾಟೇ ಇಲ್ಲವಲ್ಲೇ" ಅಂದರು. ನನ್ನ ಎದೆ ಝಲ್ ಅಂತು. 2015ರಲ್ಲಿ ಇಲ್ಲಿನ ಆರೋಗ್ಯ ಇಲಾಖೆ ಡ್ಯಾಫೊಡಿಲ್ ಅನ್ನು ತರಕಾರಿಯ ಪಕ್ಕ ಇಡಬೇಡಿ ಎಂದು ಸೂಪರ್ ಮಾರ್ಕೆಟ್‌ಗಳಿಗೆ ಎಚ್ಚರಿಕೆ ಕೊಟ್ಟದ್ದು ಆಮೇಲೆ ಗೊತ್ತಾಯಿತು.

ಊರಿಂದ ಹಿರಿಯರು ಬಂದಿದ್ದರೆ ಗೆಡ್ಡೆಯನ್ನು ಮನೆಯೊಳಗೆ ತರಲೇಬೇಡಿ. ಶೆಡ್‌ನಲ್ಲಿಡಿ, ಚೀಲದ ಮೇಲೆ ಕನ್ನಡದಲ್ಲಿ ಬರೆಯಿರಿ. ನೆಡುವಾಗ ಮಕ್ಕಳಿಗೆ ಕೈಗವಸು ಹಾಕಿಸಿ, ಕೆಲವು ಗೆಡ್ಡೆ ಮುಟ್ಟಿದರೆ ತುರಿಸುತ್ತದೆ.

ಹೊಳೆದಂಡೆ | ಸೆಪ್ಟೆಂಬರ್ 17

ಸೇವಂತಿಗೆ ಅಕ್ಕ, ಓದಿ ಮೈ ಜುಂ ಅಂತು. ನಮ್ಮ ಅತ್ತೆ ಅಕ್ಟೋಬರ್‌ನಲ್ಲೇ ಬರುತ್ತಿದ್ದಾರೆ. ಗೆಡ್ಡೆ ನೇರ ಪಕ್ಕದ ಮನೆಯವರ ಗ್ಯಾರೇಜಿಗೆ.

ಹೊಳೆದಂಡೆ | ಸೆಪ್ಟೆಂಬರ್ 22

ಸಭೆ ಮುಗಿಯಿತು. ಸುಲಭ ಇರಲಿಲ್ಲ. ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ. "ಇಷ್ಟು ದಿನದ ಕತ್ತಲು ಕಳೆದ ಮೇಲೆ ನಮಗೂ ಹಳದಿ ಬೇಕಮ್ಮ" ಅಂದರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಬೆಂಚಿನ ಸುತ್ತ ಚಿಕ್ಕ ಕಾಡು ಡ್ಯಾಫೊಡಿಲ್ ನೂರು. ಮಿಕ್ಕಿದ ದುಡ್ಡಿಗೆ ಕ್ರೋಕಸ್, ಮಸ್ಕಾರಿ, ಚೆರ್ರಿ ಮರದ ಕೆಳಗೆ ಒಂದಿಷ್ಟು ಸ್ನೋಡ್ರಾಪ್. ಸಾವಯವ ಗೆಡ್ಡೆಯನ್ನೇ ಆರ್ಡರ್ ಮಾಡಿದ್ದೇವೆ. ಅಲಿಯಂಗೆ ದುಡ್ಡು ಸಾಲಲಿಲ್ಲ.

ಈಗ ನೆಡುವುದು ಹೇಗೆ ಹೇಳಿ. ಒಂದೊಂದಕ್ಕೂ ಗುಂಡಿ ತೋಡಬೇಕಾ? ನಮ್ಮದು ಜೇಡಿಮಣ್ಣು, ಕಲ್ಲಿನ ಹಾಗಿದೆ.

ಹತ್ತುಗುಂಟೆ | ಸೆಪ್ಟೆಂಬರ್ 22

ಅಜ್ಜಿಗೆ ಹಳದಿ ಕೊಟ್ಟದ್ದು ಒಳ್ಳೆಯದಾಯಿತು. ಮುಂದೆ ಆ ಜಾಗ ಕಾಯುವವರು ಅವರೇ.

ಮಳೆ ಬಿದ್ದ ಎರಡು ದಿನದ ಮೇಲೆ ನೆಡಿ, ಮಣ್ಣು ಮೆತ್ತಗಿರುತ್ತದೆ. ಕ್ರೋಕಸ್‌ಗೆ ಒಂದೊಂದು ಗುಂಡಿ ಬೇಡ. ಸನಿಕೆಯಿಂದ ಹುಲ್ಲಿನ ಮೇಲೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕೊಯ್ಯಿರಿ. ಎರಡು ಕಡೆ ಹುಲ್ಲಿನ ಪದರವನ್ನು ಬಾಗಿಲು ತೆರೆದ ಹಾಗೆ ಮಡಚಿ. ಕೆಳಗಿನ ಮಣ್ಣನ್ನು ಕೆದಕಿ, ಗೆಡ್ಡೆಗಳನ್ನು ಎಂಟು ಹತ್ತು ಸೆಂಟಿಮೀಟರ್ ಆಳಕ್ಕೆ ಚೂಪು ತುದಿ ಮೇಲಾಗಿ ಇಟ್ಟು, ಪದರ ಮುಚ್ಚಿ ತುಳಿಯಿರಿ. ಬೇರೆ ಗೆಡ್ಡೆಗಳಿಗೆ ಗೆಡ್ಡೆಯ ಎತ್ತರದ ಎರಡು ಮೂರರಷ್ಟು ಆಳ. ತುದಿ ಯಾವುದೆಂದು ತಿಳಿಯದಿದ್ದರೆ ಅಡ್ಡ ಇಡಿ, ಅದೇ ದಾರಿ ಹುಡುಕಿಕೊಳ್ಳುತ್ತದೆ. ಸಾಲು ಸಾಲಾಗಿ ಬೇಡ, ಒಂದೊಂದು ಕಡೆ ಮೂವತ್ತು ನಲವತ್ತು ಗುಂಪಾಗಿ ಹಾಕಿ. ರಾಣಿ ದೂರದಿಂದ ನೋಡಿ ಇಳಿಯುವುದು ಬಣ್ಣದ ಗುಂಪಿಗೆ.

ಸ್ನೋಡ್ರಾಪ್ ಒಣ ಗೆಡ್ಡೆ ಹಲವು ಸಲ ಏಳುವುದೇ ಇಲ್ಲ. ಸಾಧ್ಯ ಆದರೆ ಆ ಆರ್ಡರ್ ನಿಲ್ಲಿಸಿ, ಫೆಬ್ರವರಿ ಕೊನೆಗೆ ಹೂ ಮುಗಿದ ಹಸಿರು ಗಿಡವನ್ನೇ ತಂದು ನೆಡಿ.

ಎರಡನೇಮಹಡಿ | ಸೆಪ್ಟೆಂಬರ್ 22

ಅಳಿಲು! ಕ್ರೋಕಸ್ ಅಂದರೆ ಅವಕ್ಕೆ ಪ್ರಾಣ. ನೆಟ್ಟ ಮೇಲೆ ಕೋಳಿಗೂಡಿನ ತಂತಿ ಬಲೆ ಹಾಸಿ ನಾಲ್ಕು ಕಲ್ಲಿಡಿ, ಚಿಗುರು ಕಂಡಾಗ ತೆಗೆಯಿರಿ. ಆಮೇಲೆ ಇದಕ್ಕಿಂತ ದೊಡ್ಡ ತೊಂದರೆ ಹುಲ್ಲು ಕತ್ತರಿಸುವ ಗಾಡಿ. ಹೂ ಮುಗಿದ ಮೇಲೂ ಎಲೆ ಆರು ವಾರ ಇರಬೇಕು, ಮುಂದಿನ ವರ್ಷದ ಗೆಡ್ಡೆಗೆ ಊಟ ತುಂಬುವುದು ಆ ಎಲೆ. ಎಲೆ ಅಸಹ್ಯವಾಗಿ ಬಿದ್ದಿದೆ ಎಂದು ಯಾರೂ ಗಂಟು ಕಟ್ಟಬಾರದು. ಕತ್ತರಿಸಬಾರದ ದಿನಾಂಕವನ್ನು ಕೌನ್ಸಿಲ್‌ನಿಂದ ಬರಹದಲ್ಲಿ ತೆಗೆದುಕೊಳ್ಳಿ. ಪ್ಲಾಂಟ್‌ಲೈಫ್ ಸಂಸ್ಥೆಯವರು 2019ರಲ್ಲಿ ಮೇ ತಿಂಗಳು ಹುಲ್ಲು ಕತ್ತರಿಸಬೇಡಿ ಎಂದು ಅಭಿಯಾನ ಶುರು ಮಾಡಿದ ಮೇಲೆ ಕೇಳುವುದು ಸ್ವಲ್ಪ ಸುಲಭ ಆಗಿದೆ.

ಹೊಳೆದಂಡೆ | ಅಕ್ಟೋಬರ್ 20

ನೆಟ್ಟೆವು! ಇಪ್ಪತ್ತಮೂರು ಜನ ಬಂದಿದ್ದರು. ಎಚ್ ಕೊಯ್ಯುವುದನ್ನು ಒಬ್ಬರು ಕಲಿತು ಎಲ್ಲರಿಗೂ ಕಲಿಸಿದರು. ಅತ್ತೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ನಾಲ್ಕು ವರ್ಷದಿಂದ ಇಲ್ಲಿದ್ದೇವೆ, ಕೆಲವರ ಹೆಸರು ನನಗೆ ಗೊತ್ತಾದದ್ದೇ ಅವತ್ತು.

ಸೇವಂತಿಗೆ | ಅಕ್ಟೋಬರ್ 20

ಮಂಡಕ್ಕಿ ಒಗ್ಗರಣೆಗೆ ಅಲ್ಲಿ ಯಾವ ಮಂಡಕ್ಕಿ ಸಿಗುತ್ತದೆ? ಇಲ್ಲಿನದು ಬೇಗ ಮೆತ್ತಗಾಗುತ್ತದೆ.

ಹೊಳೆದಂಡೆ | ಅಕ್ಟೋಬರ್ 20

ಅತ್ತೆ ಊರಿಂದಲೇ ಎರಡು ಚೀಲ ತಂದಿದ್ದರು ಅಕ್ಕ.

ಹೊಳೆದಂಡೆ | ಮಾರ್ಚ್ 9

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು, ತಡವಾಯಿತು.

ಫೆಬ್ರವರಿ 18ಕ್ಕೆ ಮೊದಲ ಕ್ರೋಕಸ್. ಆಮೇಲೆ ಒಂದು ವಾರ ಮೋಡ. ಮೋಡ ಇದ್ದರೆ ಹೂ ಬಾಯೇ ಬಿಡುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ, ದಿನಾ ಹೋಗಿ ನೋಡಿ ಬರುತ್ತಿದ್ದೆ. ರಸ್ತೆ ಕಡೆಯ ಮೂಲೆಯಲ್ಲಿ ಬಲೆ ಜಾರಿತ್ತು, ಅಲ್ಲಿದ್ದದ್ದನ್ನೆಲ್ಲ ಅಳಿಲು ಅಗೆದು ತಿಂದಿದೆ. ಕಾಲು ಭಾಗ ಹೋಯಿತು.

ಮೊನ್ನೆ ಗುರುವಾರ ಬಿಸಿಲು ಬಂತು. ಶಾಲೆಯಿಂದ ಬರುವಾಗ ಮಗಳು ಕೈ ಎಳೆದಳು. ನೇರಳೆ ಹೂವಿನೊಳಗೆ ಒಂದು ಬಂಬಲ್‌ಬೀ ತಲೆ ಕೆಳಗಾಗಿ ಕೂತಿತ್ತು, ಮೈಯೆಲ್ಲ ಕಿತ್ತಳೆ ಪುಡಿ. ಇನ್ನೊಂದು ಹೂವಿಗೆ ಹೋಯಿತು, ಮತ್ತೊಂದಕ್ಕೆ ಹೋಯಿತು. ಹತ್ತು ನಿಮಿಷದಲ್ಲಿ ನಾವು ನಾಲ್ಕು ರಾಣಿ ಎಣಿಸಿದೆವು. ಮಗಳು ಒಂದು ಪುಸ್ತಕ ಮಾಡಿಕೊಂಡಿದ್ದಾಳೆ: ದಿನಾಂಕ, ಬಿಸಿಲೋ ಮೋಡವೋ, ಎಷ್ಟು ಹುಳು, ಯಾವ ಹೂ. ಡ್ಯಾಫೊಡಿಲ್ ಕಾಲಂನಲ್ಲಿ ಇದುವರೆಗೆ ಒಂದು. ಅಂಗಳದಗಿಡ ಅವರೇ, ಆ ಒಂದನ್ನೂ ಬರೆದಿದ್ದಾಳೆ.

ಅಂಗಳದಗಿಡ | ಮಾರ್ಚ್ 9

ನಾನೂ ಅಕ್ಟೋಬರ್‌ನಲ್ಲಿ ಒಂದು ಕುಂಡಕ್ಕೆ ಕ್ರೋಕಸ್ ಹಾಕಿದ್ದೆ, ಹೇಳಿರಲಿಲ್ಲ. ಬರುತ್ತಿವೆ. ಒಪ್ಪಿದೆ.

ಹೊಳೆದಂಡೆ | ಏಪ್ರಿಲ್ 11

ಹೊಸ ಪ್ರಶ್ನೆ. ಈಗ ಮಸ್ಕಾರಿ ಸಮಯ. ಅದಕ್ಕೆ ಕಂದು ಬಣ್ಣದ, ಕೂದಲಿರುವ, ಮುಂದೆ ಸೂಜಿಯ ಹಾಗೆ ಉದ್ದ ಮೂತಿ ಇರುವ ಒಂದು ಹುಳು ಬರುತ್ತಿದೆ. ಗಾಳಿಯಲ್ಲೇ ನಿಂತು ಹೀರುತ್ತದೆ. ಪಕ್ಕದ ಮನೆಯವರು ಕಚ್ಚುತ್ತದೆ ಎಂದು ಹೆದರಿದ್ದಾರೆ. ಜೊತೆಗೆ ಬರಿ ಮಣ್ಣಿದ್ದ ಕಡೆ ಇರುವೆ ಗೂಡಿನ ಹಾಗೆ ಚಿಕ್ಕ ಚಿಕ್ಕ ಗುಡ್ಡ ಎದ್ದಿವೆ, ನಡುವೆ ತೂತು.

ಎರಡನೇಮಹಡಿ | ಏಪ್ರಿಲ್ 11

ಭಯ ಬೇಡ, ಅದು ಬೀ ಫ್ಲೈ, ನೊಣದ ಜಾತಿ. ಆ ಮೂತಿ ಮಕರಂದ ಹೀರುವುದಕ್ಕೆ, ಕಚ್ಚುವುದಿಲ್ಲ. ಗುಡ್ಡಗಳು ಮಣ್ಣು ತೋಡುವ ಒಂಟಿ ಜೇನಿನವು. ಬೆಂಕಿಯ ಬಣ್ಣದ ಕೂದಲಿದ್ದರೆ ಟಾನಿ ಮೈನಿಂಗ್ ಬೀ. ಎರಡೂ ಒಟ್ಟಿಗೆ ಬಂದದ್ದು ಸುಮ್ನೆ ಅಲ್ಲ. ಬೀ ಫ್ಲೈ ಮೊಟ್ಟೆ ಇಡುವುದು ಆ ಜೇನಿನ ತೂತುಗಳ ಹತ್ತಿರ, ಅದರ ಮರಿ ಜೇನಿನ ಮರಿಯನ್ನು ತಿಂದು ಬೆಳೆಯುತ್ತದೆ. ಕ್ರೂರ ಅನಿಸಬಹುದು, ಆದರೆ ಬೀ ಫ್ಲೈ ಇದೆ ಅಂದರೆ ಮಣ್ಣಿನ ಜೇನು ಚೆನ್ನಾಗಿ ಇದೆ ಎಂದು ಅರ್ಥ. ಯಾರೂ ಅದಕ್ಕೆ ಔಷಧಿ ಹಾಕದ ಹಾಗೆ ನೋಡಿಕೊಳ್ಳಿ. ಐದಾರು ವಾರದಲ್ಲಿ ತಾವೇ ಕಾಣೆಯಾಗುತ್ತವೆ.

ಹೊಳೆದಂಡೆ | ಏಪ್ರಿಲ್ 24

ಇವತ್ತು ತುಂಬಾ ಬೇಜಾರಾಗಿದೆ. ಬೆಳಗ್ಗೆ ಹುಲ್ಲು ಕತ್ತರಿಸುವ ಗಾಡಿ ಬಂದು ಅರ್ಧ ಜಾಗ ಬೋಳು ಮಾಡಿ ಹೋಗಿದೆ. ಜೂನ್ ಮೊದಲ ವಾರದವರೆಗೆ ಬೇಡ ಎಂದು ಬರಹದಲ್ಲಿ ಒಪ್ಪಿದ್ದರು. ಗಾಡಿ ಓಡಿಸುವವರಿಗೆ ಆ ಕಾಗದ ತಲುಪಿಲ್ಲ. ಅರ್ಧವಾದರೂ ಉಳಿದದ್ದು ಹಳದಿ ಕೇಳಿದ ಅಜ್ಜಿಯಿಂದ. ಕಿಟಕಿಯಿಂದ ನೋಡಿ ಚಪ್ಪಲಿಯಲ್ಲೇ ಓಡಿ ಬಂದು ಗಾಡಿಯ ಮುಂದೆ ನಿಂತರಂತೆ.

ಕ್ರೋಕಸ್ ಎಲೆ, ಮಸ್ಕಾರಿ ಎಲೆ ಎರಡೂ ಹೋದವು. ಮುಂದಿನ ವರ್ಷ ಬರುತ್ತವಾ? ಅಗೆದು ಹೊಸದು ಹಾಕಬೇಕಾ?

ಹತ್ತುಗುಂಟೆ | ಏಪ್ರಿಲ್ 24

ಅಗೆಯಬೇಡಿ. ಮಸ್ಕಾರಿ ಶರತ್ಕಾಲದಲ್ಲೇ ಎಲೆ ಬಿಡುತ್ತದೆ, ಇಷ್ಟು ತಿಂಗಳು ಗೆಡ್ಡೆಗೆ ತುಂಬಿಕೊಂಡಿದೆ. ಕ್ರೋಕಸ್ ಹೂ ಮುಗಿದು ಐದು ವಾರ ಆಯಿತು ಅಂದುಕೊಂಡರೆ ಅದರ ಕೆಲಸವೂ ಬಹುಪಾಲು ಮುಗಿದಿದೆ. ಮುಂದಿನ ವರ್ಷ ಹೂ ಸ್ವಲ್ಪ ಕಡಿಮೆ ಬರಬಹುದು, ಗಿಡ ಸಾಯುವುದಿಲ್ಲ. ಕತ್ತರಿಸಿದ ಹುಲ್ಲು ದಪ್ಪಗೆ ಬಿದ್ದಿದ್ದರೆ ಗುಡಿಸಿ ತೆಗೆಯಿರಿ. ಮೂರು ಮೂಲೆಗೂ ಸೊಂಟದೆತ್ತರದ ಮರದ ಗೂಟ ಹೊಡೆದು ಹಗ್ಗ ಕಟ್ಟಿ. ಗಾಡಿ ಓಡಿಸುವವರಿಗೆ ಕಾಗದಕ್ಕಿಂತ ಗೂಟ ಬೇಗ ಕಾಣಿಸುತ್ತದೆ.

ಚಳಿನಾಡು | ಏಪ್ರಿಲ್ 24

ಗೂಟದ ಮೇಲೆ ಮಗಳ ಎಣಿಕೆ ಪುಸ್ತಕದ ಒಂದು ಪುಟವನ್ನು ಪ್ಲಾಸ್ಟಿಕ್ ಹಾಕಿ ಅಂಟಿಸಿ. ಓದಿದವರು ಮುಟ್ಟುವುದಿಲ್ಲ.

ಹೊಳೆದಂಡೆ | ಏಪ್ರಿಲ್ 25

ಅಂಟಿಸಿದೆವು. ಮಾರ್ಚ್ 6ರ ಪುಟ. ಗೂಟ ಅಜ್ಜಿಯ ಶೆಡ್‌ನಿಂದ ಬಂತು. ಉಳಿದ ಚಿಲ್ಲರೆ ದುಡ್ಡು 11 ಪೌಂಡ್ ಇದೆ, ಅಜ್ಜಿ ಇನ್ನು 20 ಸೇರಿಸುತ್ತೇನೆ ಅಂದಿದ್ದಾರೆ. ಅಲಿಯಂ ಗೆಡ್ಡೆ ಯಾವ ತಿಂಗಳು ಆರ್ಡರ್ ಮಾಡಲಿ?

ಹತ್ತುಗುಂಟೆ | ಏಪ್ರಿಲ್ 25

ಆಗಸ್ಟ್‌ನಲ್ಲಿ ಮಾಡಿ, ಸೆಪ್ಟೆಂಬರ್ ಕೊನೆಗೆ ಸಾವಯವದ್ದು ಖಾಲಿಯಾಗುತ್ತದೆ. ಬಿಸಿಲು ಬೀಳುವ ಕಡೆಯೇ ಹಾಕಿ, ಚೆರ್ರಿ ಮರದ ನೆರಳು ಬೇಡ.